ಗೋಧಿಯಿಲ್ಲದ ಮುಂಜಾವಿನ ತಟ್ಟೆ

ಬಾನುಲಿಯ ಬೆಳಗಿನ ವಾರ್ತೆ ಕೇಳುತ್ತ ನೀವು ತಿನ್ನುವ ತಿಂಡಿ ಯಾವ ಧಾನ್ಯದ್ದೆಂದು ಎಂದಾದರೂ ಯೋಚಿಸಿದ್ದೀರಾ? ನಾನಂತೂ ಯೋಚಿಸಿದವನಲ್ಲ. ಕಳೆದ ವರ್ಷ ನಮ್ಮ ಶಾಲೆಯ ವಾರ್ಷಿಕೋತ್ಸವದಂದು ಮಕ್ಕಳಿಗೆಲ್ಲ ಉಪ್ಪಿಟ್ಟು, ಕೇಸರಿಬಾತು ಹಂಚಿದೆವು. ಒಂಬತ್ತನೆಯ ತರಗತಿಯ ಒಬ್ಬ ಹುಡುಗಿ ಮಾತ್ರ ಬಾಳೆಹಣ್ಣೊಂದನ್ನು ಹಿಡಿದು ದೂರ ಕುಳಿತಿದ್ದಳು. ವಿಚಾರಿಸಿದರೆ, ವೈದ್ಯರು ಅವಳಿಗೆ ಗೋಧಿಯನ್ನು ಜನ್ಮಪೂರ್ತಿ ನಿಷೇಧಿಸಿದ್ದಾರಂತೆ. ಮರುವಾರ ಅವಳ ತಾಯಿ ಬಂದು, "ಮೇಷ್ಟ್ರೇ, ರವೆ ಇಲ್ಲ, ಚಪಾತಿ ಇಲ್ಲ, ಬ್ರೆಡ್ಡೂ ಇಲ್ಲ. ಬೆಳಗಾದರೆ ಈ ಮಗುವಿಗೆ ಏನು ಮಾಡಿಕೊಡಲಿ?" ಎಂದು ಕಣ್ಣಲ್ಲಿ ನೀರು ತಂದುಕೊಂಡರು. ಕನ್ನಡ ಪಂಡಿತನಿಗೆ ವೈದ್ಯಶಾಸ್ತ್ರ ತಿಳಿಯದು. ಆದರೆ ಹಳೆಯ ಗ್ರಂಥಗಳಲ್ಲಿ ಅಡುಗೆಯ ಮಾತು ಬೇಕಾದಷ್ಟಿದೆಯಲ್ಲ, ನೋಡೋಣವೆಂದು ಹೊರಟೆ.

ಮೊದಲು ರೋಗದ ಮಾತು. ಗೋಧಿ, ಬಾರ್ಲಿ, ರೈ ಧಾನ್ಯಗಳಲ್ಲಿ ಗ್ಲುಟೆನ್ ಎಂಬ ಅಂಟುಪದಾರ್ಥವಿದೆ. ಕೆಲವರಿಗೆ ಅದು ಕರುಳಿನ ಒಳಪದರವನ್ನು ಕೆಡಿಸಿ, ಉಂಡದ್ದು ಮೈಗೆ ಹತ್ತದಂತೆ ಮಾಡುತ್ತದೆ. ಇದಕ್ಕೆ ಸೀಲಿಯಾಕ್ ರೋಗವೆಂದು ಹೆಸರು. ಇದರ ಮೂಲ ಗೋಧಿಯಲ್ಲಿದೆಯೆಂದು ತೋರಿಸಿಕೊಟ್ಟವರು ಹಾಲೆಂಡಿನ ಮಕ್ಕಳ ವೈದ್ಯರಾದ ಡಿಕ್ ಎಂಬುವರು. 1944-45ರ ಯುದ್ಧಕಾಲದ ಘೋರ ಕ್ಷಾಮದಲ್ಲಿ ಅಲ್ಲಿ ಬ್ರೆಡ್ಡು ದುರ್ಲಭವಾಗಿದ್ದಾಗ ಈ ರೋಗದ ಮಕ್ಕಳು ಚೇತರಿಸಿಕೊಂಡದ್ದು ಅವರ ಊಹೆಗೆ ಬಲ ಕೊಟ್ಟಿತು. 1950ರಲ್ಲಿ ಅವರು ಪ್ರಬಂಧ ಬರೆದು ಅದನ್ನು ಪ್ರತಿಪಾದಿಸಿದರು.

ಇನ್ನು ನಮ್ಮ ಗ್ರಂಥಗಳು. ಸುಮಾರು 920ರ ಕಾಲದ ಶಿವಕೋಟ್ಯಾಚಾರ್ಯರ ವಡ್ಡಾರಾಧನೆಯಲ್ಲಿ 'ಇಡ್ಡಲಿಗೆ' ಎಂಬ ಶಬ್ದ ಬರುತ್ತದೆ. ಇದನ್ನು ಕಂಡವರೆಲ್ಲ ನಮ್ಮ ಇಡ್ಲಿಗೆ ಸಾವಿರ ವರ್ಷವಾಯಿತೆಂದು ಹೆಮ್ಮೆಪಡುವುದುಂಟು. ತರಗತಿಯಲ್ಲಿ ನಾನೂ ಹಾಗೆ ಹೇಳಿದವನೇ. ಆದರೆ ಅದರ ಮುಂದಿನ ಪುಸ್ತಕಗಳನ್ನು ತೆರೆದರೆ ಆ ಹೆಮ್ಮೆ ಸ್ವಲ್ಪ ತಗ್ಗುತ್ತದೆ. 1025ರ ಸುಮಾರಿನ ಎರಡನೆಯ ಚಾವುಂಡರಾಯನ ಲೋಕೋಪಕಾರದಲ್ಲಿ ಉದ್ದನ್ನು ಮಜ್ಜಿಗೆಯಲ್ಲಿ ನೆನೆಸಿ, ನುಣ್ಣಗೆ ರುಬ್ಬಿ, ಮೊಸರಿನ ತಿಳಿ, ಜೀರಿಗೆ, ಕೊತ್ತಂಬರಿ, ಮೆಣಸು, ಇಂಗು ಬೆರಸುವ ಕ್ರಮವಿದೆ. ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರನು 1129ರ ಹೊತ್ತಿಗೆ ಸಂಸ್ಕೃತದಲ್ಲಿ ರಚಿಸಿದ ಮಾನಸೋಲ್ಲಾಸದಲ್ಲಿ 'ಇಡ್ಡರಿಕಾ' ಉದ್ದಿನ ಹಿಟ್ಟಿನ ಸಣ್ಣ ಉಂಡೆ. ಅದನ್ನು ತುಪ್ಪದಲ್ಲಿ ಕರಿದು ಮೆಣಸಿನ ಪುಡಿ, ಜೀರಿಗೆ, ಇಂಗು ಸೇರಿಸುತ್ತಾರೆ. ಎರಡರಲ್ಲಿಯೂ ಅಕ್ಕಿಯ ಸುದ್ದಿಯೇ ಇಲ್ಲ. ಅಕ್ಕಿಯನ್ನೂ ಉದ್ದನ್ನೂ ರುಬ್ಬಿ ಹುಳಿಬರಿಸಿ ಹಬೆಯಲ್ಲಿ ಬೇಯಿಸುವ ನಮ್ಮ ಇಡ್ಲಿಯ ಪೂರ್ಣರೂಪ ಆಮೇಲಿನದು. ಹೆಸರು ಉಳಿದು, ಹೆಸರಿನೊಳಗಿನ ಪದಾರ್ಥ ಬದಲಾಗಿದೆ.

ಗೋಧಿಯೂ ನಮಗೆ ನಿನ್ನೆ ಮೊನ್ನೆಯದಲ್ಲ. ಅದೇ ಮಾನಸೋಲ್ಲಾಸದಲ್ಲಿ ಗೋಧಿಯ ಮಂಡಕವಿದೆ. ನಮ್ಮ ಮಂಡಿಗೆಯೇ ಅದು. ಆದರೆ ನಮ್ಮ ಹಳೆಯ ಮೈಸೂರಿನ ಕಡೆ ಗೋಧಿ ಹೆಚ್ಚಾಗಿ ಹಬ್ಬದ ಧಾನ್ಯವಾಗಿತ್ತು, ಹೋಳಿಗೆಯ ದಿನ ನೆನಪಾಗುವಂಥದು. ದಿನದ ಬೆಳಗಿಗೆ ಅದನ್ನು ತಂದದ್ದು ಬಹುಮಟ್ಟಿಗೆ ಅಭಾವ. 1942ರಲ್ಲಿ ಬರ್ಮಾ ಜಪಾನೀಯರ ವಶವಾಗಿ ಅಲ್ಲಿಯ ಅಕ್ಕಿ ನಿಂತುಹೋಯಿತು. ಆ ಯುದ್ಧಕಾಲದ ಅಕ್ಕಿಯ ಕೊರತೆಯಲ್ಲಿಯೇ ಬೆಂಗಳೂರಿನ ಎಂ.ಟಿ.ಆರ್.ನಲ್ಲಿ ರವೆ ಇಡ್ಲಿ ಹುಟ್ಟಿತೆಂದು ಆ ಹೋಟೆಲಿನವರು ಹೇಳುತ್ತಾರೆ. 1956ರ ಪಿ.ಎಲ್. 480 ಒಪ್ಪಂದದಿಂದ ಅಮೆರಿಕದ ಗೋಧಿ ಹಡಗು ಹಡಗಾಗಿ ಬಂತು. ಪಡಿತರದ ಅಂಗಡಿಯ ಗೋಧಿಯನ್ನು ಏನು ಮಾಡಬೇಕೆಂದು ತಿಳಿಯದೆ ತಮ್ಮ ತಾಯಿ ಒದ್ದಾಡಿದ್ದನ್ನು ನನ್ನ ತಾಯಿ ಹೇಳುತ್ತಿದ್ದರು. ಈಗ ಅದಿಲ್ಲದೆ ಏನು ಮಾಡುವುದೆಂದು ಒದ್ದಾಡುವ ತಾಯಿ ನನ್ನೆದುರಿಗೆ ಬಂದಿದ್ದರು!

ಇಲ್ಲಿ ನಿಮ್ಮ ಅಡುಗೆಮನೆಯೊಳಕ್ಕೆ ಒಂದು ಹೆಜ್ಜೆ ಇಡಲು ಅಪ್ಪಣೆ ಕೊಡಿ. ಗೋಧಿ ಹಿಟ್ಟು ತಣ್ಣೀರಿನಲ್ಲಿಯೇ ಕಲಸಿದರೂ ಹಿಗ್ಗುತ್ತದೆ, ಲಟ್ಟಿಸಿದರೆ ಹರಿಯುವುದಿಲ್ಲ. ಅದು ಗ್ಲುಟೆನ್ನಿನ ಗುಣ. ಅಕ್ಕಿ, ರಾಗಿ, ಜೋಳಗಳಿಗೆ ಆ ಅಂಟಿಲ್ಲ. ಅಂಟಿಲ್ಲದ ಹಿಟ್ಟನ್ನು ಒಗ್ಗೂಡಿಸುವುದು ಹೇಗೆ? ನಮ್ಮ ಹೆಂಗಸರು ಇದಕ್ಕೆ ಎಷ್ಟು ದಾರಿಗಳನ್ನು ಕಂಡುಕೊಂಡರೆಂದು ನೋಡಿ. ಅಕ್ಕಿ ಹಿಟ್ಟನ್ನು ಕುದಿಯುವ ನೀರಿಗೆ ಹಾಕಿ ಉಕ್ಕರಿಸಿದರು. ಬಿಸಿಗೆ ಹಿಟ್ಟಿನ ಪಿಷ್ಟವೇ ಅರಳಿ ಅಂಟಾಯಿತು, ರೊಟ್ಟಿಗೆ ಒದಗಿತು. ಉತ್ತರದ ಸೀಮೆಯಲ್ಲಿ ಜೋಳದ ಹಿಟ್ಟಿಗೆ ಎಸರು ಹುಯ್ದು, ಚೆನ್ನಾಗಿ ನಾದಿ, ಲಟ್ಟಣಿಗೆಗೆ ಬದಲು ಅಂಗೈಯಿಂದ ಬಡಿದು ಅಗಲ ಮಾಡಿದರು. ರೊಟ್ಟಿ ಬಡಿಯುವ ಆ ಸದ್ದೇ ಅಲ್ಲಿಯ ಸುಪ್ರಭಾತ. ರಾಗಿಯನ್ನು ಕುದಿಯುವ ನೀರಿನಲ್ಲಿ ಕೋಲಿನಿಂದ ತಿರುವಿ ಮುದ್ದೆ ಕಟ್ಟಿದರು. ಅಕ್ಕಿ ಹಿಟ್ಟಿನ ಉಂಡೆಯನ್ನು ಬೇಯಿಸಿ ಬಿಸಿಯಲ್ಲಿಯೇ ಒರಳಿನಲ್ಲಿ ಒತ್ತಿ ಶಾವಿಗೆ ಮಾಡಿದರು. ಇಡ್ಲಿಯಲ್ಲಂತೂ ಉದ್ದಿನ ಲೋಳೆ ಗಾಳಿಯನ್ನು ಹಿಡಿದಿಟ್ಟು ಅಕ್ಕಿಯನ್ನು ಹಗುರ ಮಾಡುತ್ತದೆ. ಇವು ಯಾವುವೂ ಗೋಧಿ ಸಿಕ್ಕಲಿಲ್ಲವೆಂದು ಹುಟ್ಟಿದ ಬದಲಿ ತಿಂಡಿಗಳಲ್ಲ. ಆ ಧಾನ್ಯದ ಸ್ವಭಾವವನ್ನು ಅರಿತ ಕೈಗಳು ಅದಕ್ಕೆಂದೇ ಕಟ್ಟಿದ ವಿದ್ಯೆ.

ರಾಗಿಯ ವಿಷಯದಲ್ಲಿ ನಮಗೆ ಒಂದು ಬಗೆಯ ಸಂಕೋಚ. ಇದೂ ಹೊಸದಲ್ಲ. ಹದಿನಾರನೆಯ ಶತಮಾನದ ಕನಕದಾಸರ ರಾಮಧಾನ್ಯ ಚರಿತೆಯಲ್ಲಿ ಭತ್ತವು ರಾಗಿಯನ್ನು ಹೀಯಾಳಿಸುತ್ತದೆ. ಶ್ರೀರಾಮನು ಎರಡನ್ನೂ ಆರು ತಿಂಗಳು ಸೆರೆಯಲ್ಲಿರಿಸಲು ಭತ್ತ ಕೆಟ್ಟು ರಾಗಿ ಮುಕ್ಕಾಗದೆ ಉಳಿಯುತ್ತದೆ. ಕಾವ್ಯದ ಕಲ್ಪನೆಯಾದರೂ ಅದರ ಹಿಂದೆ ರೈತನ ಅನುಭವವಿದೆ: ಹಗೇವಿನಲ್ಲಿ ತುಂಬಿಟ್ಟ ರಾಗಿ ವರ್ಷಗಟ್ಟಲೆ ಹುಳ ಹಿಡಿಯದೆ ಇರುತ್ತದೆ. ಆಫ್ರಿಕದಿಂದ ಸಾವಿರಾರು ವರ್ಷಗಳ ಹಿಂದೆ ಬಂದ ಈ ಧಾನ್ಯ ನಮ್ಮದೇ ಆಗಿಹೋಗಿದೆ. ನೂರು ಗ್ರಾಂ ರಾಗಿಯಲ್ಲಿ 300 ಮಿಲಿಗ್ರಾಮಿಗೂ ಮೀರಿ ಸುಣ್ಣದ ಅಂಶವಿದೆ. ಬೆಳೆಯುವ ಮಗುವಿನ ಎಲುಬಿಗೆ ಇದಕ್ಕಿಂತ ಒಳ್ಳೆಯ ಧಾನ್ಯವನ್ನು ನಾನು ಕಾಣೆ. 2023ನ್ನು ವಿಶ್ವಸಂಸ್ಥೆ ಸಿರಿಧಾನ್ಯಗಳ ವರ್ಷವೆಂದು ಆಚರಿಸಿದ ಮೇಲೆ ಪೇಟೆಯಲ್ಲಿ ಇದಕ್ಕೆ ಬೆಲೆಯೂ ಗೌರವವೂ ಏರಿವೆ. ಗೌರವಕ್ಕಿಂತ ಬೆಲೆ ತುಸು ಹೆಚ್ಚಾಗಿಯೇ!

ಆ ತಾಯಿಗೆ ನಾನು ಹೇಳಿದ್ದು ಇಷ್ಟೇ: "ತಾಯಿ, ನಿಮ್ಮ ಅತ್ತೆಯವರು ಮಾಡುತ್ತಿದ್ದುದನ್ನು ನೆನಪು ಮಾಡಿಕೊಳ್ಳಿ." ಅವರು ಬೆರಳು ಮಡಿಸುತ್ತ ಹೋದರು. ಅಕ್ಕಿ ರೊಟ್ಟಿ, ರಾಗಿ ರೊಟ್ಟಿ, ಒಗ್ಗರಣೆಯ ಅವಲಕ್ಕಿ, ಕಡುಬು, ದೋಸೆ, ಅವಸರದ ದಿನಕ್ಕೆ ಹಾಲು ಬೆಲ್ಲ ಕಲಸಿದ ರಾಗಿ ಹುರಿಹಿಟ್ಟು. ಒಂದು ಕೈಯ ಬೆರಳು ಸಾಲಲಿಲ್ಲ.

ಆದರೂ ಹುಡುಗಿಗೆ ಹೊಟ್ಟೆನೋವು ಪೂರ್ತಿ ಬಿಡಲಿಲ್ಲ. ಕಾರಣ ಹುಡುಕಿದಾಗ ಎರಡು ಸಿಕ್ಕವು. ಮೊದಲನೆಯದು ಹಿಟ್ಟಿನ ಗಿರಣಿ: ಗೋಧಿ ಬೀಸಿದ ಕಲ್ಲಿನಲ್ಲಿಯೇ ರಾಗಿ ಬೀಸಿದರೆ ಗೋಧಿಯ ಹಿಟ್ಟು ಬೆರೆಯದೆ ಇರುತ್ತದೆಯೆ? ಈಗ ಅವರು ಮನೆಯಲ್ಲಿಯೇ ಬೀಸಿಕೊಳ್ಳುತ್ತಾರೆ. ಎರಡನೆಯದು ಇಂಗು. ಅಂಗಡಿಯ ಇಂಗು ಅಪ್ಪಟ ಇಂಗಲ್ಲ. ಅದರ ಉಗ್ರತೆಯನ್ನು ತಗ್ಗಿಸಲು ಹಿಟ್ಟು ಬೆರಸುತ್ತಾರೆ, ಹಲವು ಬಾರಿ ಅದು ಗೋಧಿಯದೇ. ಚಾವುಂಡರಾಯನ ಕಾಲದಿಂದ ಇಂಗು ತಿನ್ನುತ್ತ ಬಂದ ನಮಗೆ ಇದು ಹೊಳೆಯಲೇ ಇಲ್ಲ. ಹಳಗನ್ನಡದ ಶಾಸನ ಓದುವ ನಾನು ಆ ಇಂಗಿನ ಡಬ್ಬಿಯ ಮೇಲಿನ ಸಣ್ಣಕ್ಷರ ಓದಲು ಕನ್ನಡಕವನ್ನು ಎರಡು ಸಲ ಒರೆಸಿಕೊಳ್ಳಬೇಕಾಯಿತು. ಈ ವರ್ಷದ ವಾರ್ಷಿಕೋತ್ಸವಕ್ಕೆ ಒತ್ತುಶಾವಿಗೆ ಮಾಡಿಸಿದ್ದೆವು. ಒಗ್ಗರಣೆಗೆ ಇಂಗು ಹಾಕಿಸಲಿಲ್ಲ. ಅವಳು ಎರಡನೆಯ ಸಲ ಬಡಿಸಿಕೊಂಡಳು.