ಪ್ರಭುವಿನ ಸ್ವರ್ಗಾರೋಹಣ: ಕಷ್ಟದಲ್ಲಿರುವ ವಿಶ್ವಾಸಿಗೆ ಅದರ ಅರ್ಥವೇನು?

ಪ್ರಭು ಯೇಸುಕ್ರಿಸ್ತರು ಪುನರುತ್ಥಾನರಾದ ನಲವತ್ತನೆಯ ದಿನ ಸ್ವರ್ಗಕ್ಕೆ ಏರಿದರೆಂಬುದು ಧರ್ಮಸಭೆಯ ವಿಶ್ವಾಸ. ಈ ಹಬ್ಬ ಮೂಲತಃ ಗುರುವಾರ ಬರುತ್ತದೆ. ನಮ್ಮ ದೇಶದ ಲತೀನ್ ವಿಧಿಯ ಧರ್ಮಪ್ರಾಂತ್ಯಗಳಲ್ಲಿ ಇದನ್ನು ಪಂಚಾಶತ್ತಮ ಹಬ್ಬಕ್ಕೆ ಮುಂಚಿನ ಭಾನುವಾರ ಆಚರಿಸಲಾಗುತ್ತದೆ. ಕ್ರಿಸ್ಮಸ್ ಅಥವಾ ಪಾಸ್ಖ ಹಬ್ಬದ ಸಡಗರ ಇದಕ್ಕಿಲ್ಲ. ಗೋದಲಿ ಇಲ್ಲ, ಮೆರವಣಿಗೆ ಇಲ್ಲ, ಮನೆಯಲ್ಲಿ ವಿಶೇಷ ಅಡುಗೆಯೂ ಇಲ್ಲ. ಜಪಸರ ಮಾಡುವಾಗ ಮಹಿಮೆಯ ರಹಸ್ಯಗಳಲ್ಲಿ ಎರಡನೆಯದಾಗಿ ಇದನ್ನು ಹೇಳಿ ಮುಂದೆ ಸಾಗುತ್ತೇವೆ.

ಆದರೆ ಕಷ್ಟದಲ್ಲಿರುವವರ ಮನಸ್ಸಿನಲ್ಲಿ ಈ ಹಬ್ಬ ಒಂದು ಪ್ರಶ್ನೆಯನ್ನು ಎಬ್ಬಿಸುತ್ತದೆ. ಮನೆಯಲ್ಲಿ ಹಾಸಿಗೆ ಹಿಡಿದ ರೋಗಿ ಇದ್ದಾರೆ. ಬ್ಯಾಂಕಿನ ಸಾಲ ತೀರುತ್ತಿಲ್ಲ. ಗಲ್ಫಿನಲ್ಲಿ ಕೆಲಸ ಕಳೆದುಕೊಂಡ ಮಗ ಊರಿಗೆ ಮರಳಿದ್ದಾನೆ. ಮೀನು ಸಿಗದೆ ದೋಣಿ ದಡದಲ್ಲೇ ನಿಂತಿದೆ. ಇಂಥ ಮನೆಯವರು ಕೇಳುವುದು ಸಹಜ: ಪ್ರಭು ಮೇಲೆ ಸಿಂಹಾಸನದಲ್ಲಿದ್ದಾರೆ, ನಾವು ಇಲ್ಲಿ ಒದ್ದಾಡುತ್ತಿದ್ದೇವೆ, ಅವರು ನಿಜವಾಗಿ ಆಳುತ್ತಿದ್ದರೆ ನಮಗೇಕೆ ಈ ಗತಿ? ಇದು ಅವಿಶ್ವಾಸದ ಪ್ರಶ್ನೆಯಲ್ಲ. ಆದಿ ಕ್ರೈಸ್ತರೂ ಇದನ್ನೇ ಕೇಳಿದರು. ಹೊಸ ಒಡಂಬಡಿಕೆಯ ಹಲವು ಪುಟಗಳು ಈ ಪ್ರಶ್ನೆಗೆ ಉತ್ತರವಾಗಿಯೇ ಬರೆಯಲ್ಪಟ್ಟಿವೆ.

ಧರ್ಮಗ್ರಂಥ ಏನು ಹೇಳುತ್ತದೆ?

ಸ್ವರ್ಗಾರೋಹಣವನ್ನು ವಿವರವಾಗಿ ಬರೆದವರು ಸಂತ ಲೂಕರು. ತಮ್ಮ ಶುಭಸಂದೇಶದ ಕೊನೆಯಲ್ಲಿ (24:50-53) ಮತ್ತು ಪ್ರೇಷಿತರ ಕಾರ್ಯಕಲಾಪಗಳ ಆರಂಭದಲ್ಲಿ (1:1-11) ಎರಡು ಬಾರಿ ಅವರು ಇದನ್ನು ಹೇಳುತ್ತಾರೆ. ಶುಭಸಂದೇಶದಲ್ಲಿ ಒಂದು ಮಾತು ಗಮನಾರ್ಹ. ಪ್ರಭು ಕಣ್ಮರೆಯಾದ ಮೇಲೆ ಶಿಷ್ಯರು ಅಳುತ್ತಾ ಹಿಂತಿರುಗಲಿಲ್ಲ. ಅತ್ಯಾನಂದದಿಂದ ಜೆರುಸಲೇಮಿಗೆ ಮರಳಿದರು. ಪ್ರೀತಿಪಾತ್ರರನ್ನು ವಿಮಾನ ನಿಲ್ದಾಣದಲ್ಲಿ ಬೀಳ್ಕೊಟ್ಟು ಬರುವವರ ಮುಖದಲ್ಲಿ ಸಂತೋಷ ಇರುವುದಿಲ್ಲ. ಶಿಷ್ಯರಲ್ಲಿ ಅದು ಇತ್ತೆಂದರೆ, ಅವರು ಇದನ್ನು ಅಗಲಿಕೆ ಎಂದು ತಿಳಿದಿರಲಿಲ್ಲ ಎಂದರ್ಥ.

ಅದೇ ದಿನ ಶಿಷ್ಯರು, ಇಸ್ರಯೇಲಿನ ರಾಜ್ಯವನ್ನು ಈಗಲೇ ಪುನಃ ಸ್ಥಾಪಿಸುವಿರಾ ಎಂದು ಪ್ರಭುವನ್ನು ಕೇಳಿದರು. ಪ್ರಭು ದಿನಾಂಕ ಹೇಳಲಿಲ್ಲ. ಪವಿತ್ರಾತ್ಮರ ಶಕ್ತಿಯನ್ನು ವಾಗ್ದಾನ ಮಾಡಿ, ಸಾಕ್ಷಿಗಳಾಗಿರಿ ಎಂದು ಕಳುಹಿಸಿದರು. ಕಷ್ಟ ಯಾವಾಗ ಮುಗಿಯುತ್ತದೆಂಬ ನಮ್ಮ ಪ್ರಶ್ನೆಗೂ ಸಿಗುವ ಉತ್ತರ ಬಹುಮಟ್ಟಿಗೆ ಇದೇ.

ಇಲ್ಲಿ ಪದದ ವ್ಯತ್ಯಾಸವನ್ನೂ ತಿಳಿಯಬೇಕು. ಯೇಸುಸ್ವಾಮಿ ತಮ್ಮ ಸ್ವಂತ ದೈವಿಕ ಶಕ್ತಿಯಿಂದ ಏರಿದ್ದು ಸ್ವರ್ಗಾರೋಹಣ. ಮಾತೆ ಮರಿಯಮ್ಮನವರನ್ನು ದೇವರು ಆತ್ಮ-ಶರೀರ ಸಮೇತ ಸ್ವೀಕರಿಸಿದ್ದು ಸ್ವರ್ಗಸ್ವೀಕಾರ. ಅದನ್ನು ಆಗಸ್ಟ್ 15ರಂದು ಆಚರಿಸುತ್ತೇವೆ.

'ಪಿತನ ಬಲಪಾರ್ಶ್ವ' ಎಂದರೇನು?

ಪ್ರತಿ ಭಾನುವಾರ ವಿಶ್ವಾಸ ಪ್ರಮಾಣದಲ್ಲಿ ಪ್ರಭು ಪಿತನ ಬಲಪಾರ್ಶ್ವದಲ್ಲಿ ಆಸೀನರಾಗಿದ್ದಾರೆಂದು ನಿವೇದಿಸುತ್ತೇವೆ. ದೇವರಿಗೆ ಎಡ ಬಲ ಇಲ್ಲ. ರಾಜನ ಬಲಗಡೆಯ ಆಸನ ಅಧಿಕಾರದಲ್ಲಿ ಪಾಲುಗಾರನಾದವನ ಸ್ಥಾನ. 110ನೇ ಕೀರ್ತನೆಯಿಂದ ಬಂದ ಈ ಚಿತ್ರ ಹೊಸ ಒಡಂಬಡಿಕೆಯಲ್ಲಿ ಮತ್ತೆ ಮತ್ತೆ ಕಾಣಿಸುತ್ತದೆ. 1992ರಲ್ಲಿ ಪ್ರಕಟವಾದ ಕಥೋಲಿಕ ಧರ್ಮಸಭೆಯ ಧರ್ಮೋಪದೇಶ ಗ್ರಂಥ 659ರಿಂದ 667ರವರೆಗಿನ ಪರಿಚ್ಛೇದಗಳಲ್ಲಿ ಇದನ್ನು ವಿವರಿಸುತ್ತದೆ: ಅನಾದಿಯಿಂದ ದೇವಪುತ್ರರಾಗಿದ್ದವರು ಈಗ ಮಾನವ ಶರೀರದೊಂದಿಗೆ ಆ ಮಹಿಮೆಯಲ್ಲಿದ್ದಾರೆ.

ಈ ಮಾತಿನ ಭಾರವನ್ನು ಗಮನಿಸಿರಿ. ಹಸಿದ ಹೊಟ್ಟೆ, ದಣಿದ ಕಾಲು, ಲಾಜರನ ಸಮಾಧಿಯ ಬಳಿ ಸುರಿದ ಕಣ್ಣೀರು - ಇವನ್ನೆಲ್ಲ ಬಲ್ಲ ಮಾನವ ಸ್ವಭಾವ ಇಂದು ದೇವರ ಸಿಂಹಾಸನದ ಬಳಿ ಇದೆ. ಪುನರುತ್ಥಾನದ ನಂತರ ತೋಮನಿಗೆ ತೋರಿಸಿದ ಗಾಯಗಳನ್ನು ಪ್ರಭು ಅಳಿಸಿಹಾಕಿರಲಿಲ್ಲ. ಪ್ರಕಟನೆ ಗ್ರಂಥದಲ್ಲಿ (5:6) ಸಿಂಹಾಸನದ ಮಧ್ಯೆ ಕಾಣುವುದು ವಧಿತವಾದಂತಿದ್ದ ಕುರಿಮರಿ. ನಮ್ಮನ್ನು ಆಳುವವರು ನೋವನ್ನು ಹೊರಗಿನಿಂದ ನೋಡಿದ ಅರಸರಲ್ಲ.

ಲಂಗರು ಅಲೆಯನ್ನು ನಿಲ್ಲಿಸುವುದಿಲ್ಲ

ಹಿಬ್ರಿಯರಿಗೆ ಬರೆದ ಪತ್ರ ಸುಖವಾಗಿದ್ದವರಿಗೆ ಬರೆದದ್ದಲ್ಲ. ಅದನ್ನು ಓದಿದವರು ಬಹಿರಂಗ ಅವಮಾನ ಸಹಿಸಿದ್ದರು, ಆಸ್ತಿಪಾಸ್ತಿ ಕಳೆದುಕೊಂಡಿದ್ದರು, ಸೆರೆಯಲ್ಲಿದ್ದವರ ಜೊತೆ ನಿಂತಿದ್ದರು (10:32-34). ಅವರಿಗೆ ಪತ್ರಕಾರರು ಹೇಳುವುದು ಎರಡು ಮಾತು. ಮೊದಲನೆಯದು, ಸ್ವರ್ಗವನ್ನು ಪ್ರವೇಶಿಸಿದ ಮಹಾಯಾಜಕ ಯೇಸು ನಮ್ಮ ದೌರ್ಬಲ್ಯಗಳನ್ನು ಕಂಡು ಅನುಕಂಪ ತೋರಬಲ್ಲವರು (4:15), ನಮಗಾಗಿ ಬಿನ್ನವಿಸಲೆಂದೇ ಸದಾ ಜೀವಿಸುವವರು (7:25). ಅಂದರೆ ಅವರ ಆಳ್ವಿಕೆಯ ಒಂದು ಮುಖ್ಯ ಕೆಲಸವೇ ನಮಗಾಗಿ ಪ್ರಾರ್ಥಿಸುವುದು. ನಮಗೆ ಪ್ರಾರ್ಥಿಸಲು ಬಾಯಿ ಬರದ ದಿನಗಳಲ್ಲೂ ಆ ಪ್ರಾರ್ಥನೆ ನಿಲ್ಲುವುದಿಲ್ಲ.

ಎರಡನೆಯದು ಕರಾವಳಿಯ ನಮಗೆ ಬೇಗ ಅರ್ಥವಾಗುವ ಹೋಲಿಕೆ. ನಮ್ಮ ಭರವಸೆ ಆತ್ಮಕ್ಕೆ ಲಂಗರಿನಂತೆ. ಅದು ತೆರೆಯ ಒಳಗೆ, ಯೇಸು ನಮಗೆ ಮುಂದಾಗಿ ಪ್ರವೇಶಿಸಿದ ಸ್ಥಳದಲ್ಲಿ ನೆಟ್ಟಿದೆ (6:19-20). ದೋಣಿಯ ಲಂಗರು ಕೆಳಗೆ, ಸಮುದ್ರದ ತಳಕ್ಕೆ ಇಳಿಯುತ್ತದೆ. ವಿಶ್ವಾಸಿಯ ಲಂಗರು ಮೇಲೆ, ಪ್ರಭು ಇರುವಲ್ಲಿ ಕಚ್ಚಿಕೊಂಡಿದೆ. ಲಂಗರು ಹಾಕಿದ ದೋಣಿ ಅಲುಗಾಡುವುದಿಲ್ಲವೆಂದು ಯಾವ ಮೀನುಗಾರನೂ ಹೇಳಲಾರ. ಗಾಳಿ ಬೀಸಿದಾಗ ಅದೂ ಹೊಯ್ದಾಡುತ್ತದೆ. ಆದರೆ ಕೊಚ್ಚಿಕೊಂಡು ಹೋಗುವುದಿಲ್ಲ. ರೋಮಿನ ಪ್ರಿಸಿಲ್ಲಾ ಮುಂತಾದ ಭೂಗತ ಸಮಾಧಿಗಳಲ್ಲಿ ಆದಿ ಕ್ರೈಸ್ತರು ತಮ್ಮವರ ಸಮಾಧಿಗಳ ಮೇಲೆ ಲಂಗರಿನ ಚಿಹ್ನೆಯನ್ನು ಬಿಡಿಸಿದ್ದು ಈ ಭರವಸೆಯಿಂದಲೇ.

ಸ್ತೇಫನ ಕಂಡದ್ದು, ಸೌಲ ಕೇಳಿದ್ದು

ಧರ್ಮಸಭೆಯ ಮೊದಲ ರಕ್ತಸಾಕ್ಷಿ ಸಂತ ಸ್ತೇಫನರು ಕಲ್ಲೇಟಿಗೆ ಗುರಿಯಾಗುವ ಮುನ್ನ ಆಕಾಶದತ್ತ ನೋಡಿದರು. ಯೇಸು ದೇವರ ಬಲಪಾರ್ಶ್ವದಲ್ಲಿ ನಿಂತಿರುವುದು ಅವರಿಗೆ ಕಾಣಿಸಿತು (ಪ್ರೇ.ಕಾ. 7:55-56). ಸಾಮಾನ್ಯವಾಗಿ 'ಆಸೀನರು' ಎಂದು ಹೇಳುವ ಧರ್ಮಗ್ರಂಥ ಇಲ್ಲಿ 'ನಿಂತಿರುವರು' ಎನ್ನುತ್ತದೆ. ತನ್ನವನ ಪರವಾಗಿ ಸಾಕ್ಷಿ ಹೇಳಲು, ತನ್ನವನನ್ನು ಬರಮಾಡಿಕೊಳ್ಳಲು ಪ್ರಭು ಎದ್ದು ನಿಂತರೆಂದು ಅನೇಕ ವ್ಯಾಖ್ಯಾನಕಾರರು ಇದನ್ನು ಅರ್ಥೈಸಿದ್ದಾರೆ. ಆದರೂ ಕಲ್ಲುಗಳು ನಿಲ್ಲಲಿಲ್ಲ. ಸ್ತೇಫನರು ಸತ್ತರು, ಕೊಂದವರನ್ನು ಕ್ಷಮಿಸಿ ಸತ್ತರು.

ಅಲ್ಲಿ ಬಟ್ಟೆ ಕಾಯುತ್ತಾ ನಿಂತಿದ್ದ ಸೌಲನಿಗೆ ಮುಂದೆ ದಮಸ್ಕದ ದಾರಿಯಲ್ಲಿ ಸ್ವರ್ಗದಿಂದ ಧ್ವನಿ ಕೇಳಿಸಿತು. ನನ್ನ ಜನರನ್ನೇಕೆ ಹಿಂಸಿಸುತ್ತಿರುವೆ ಎಂದು ಪ್ರಭು ಕೇಳಲಿಲ್ಲ. ನನ್ನನ್ನೇಕೆ ಹಿಂಸಿಸುತ್ತಿರುವೆ ಎಂದರು. ಕಾಲಿಗೆ ಮುಳ್ಳು ಚುಚ್ಚಿದರೆ ಬಾಯಿ ಕೂಗುತ್ತದೆ. ಶಿರಸ್ಸು ಸ್ವರ್ಗದಲ್ಲಿದ್ದರೂ ಭೂಮಿಯಲ್ಲಿರುವ ಅಂಗಗಳ ನೋವು ಅದಕ್ಕೆ ತಟ್ಟುತ್ತದೆಂದು ಹಿಪ್ಪೋದ ಧರ್ಮಾಧ್ಯಕ್ಷರಾದ ಸಂತ ಅಗಸ್ಟೀನರು ಈ ಘಟನೆಯನ್ನೇ ತೋರಿಸಿ ಬೋಧಿಸಿದರು. ಅವರು 430ರಲ್ಲಿ ಮರಣ ಹೊಂದಿದಾಗ ಅವರ ಪಟ್ಟಣವನ್ನು ವ್ಯಾಂಡಲರ ಸೈನ್ಯ ಮುತ್ತಿತ್ತು.

ನಮ್ಮ ಕರಾವಳಿಗೂ ಈ ಅನುಭವವಿದೆ. 2008ರ ಸೆಪ್ಟೆಂಬರ್ 14ರಂದು, ಪವಿತ್ರ ಶಿಲುಬೆಯ ಹಬ್ಬದ ದಿನವೇ, ಮಂಗಳೂರಿನ ಮಿಲಾಗ್ರಿಸ್ ಬಳಿಯ ಆರಾಧನಾ ಮಠದ ಮೇಲೆ ದಾಳಿ ನಡೆದಾಗ ಪ್ರಭು ಎಲ್ಲಿದ್ದರೆಂದು ಅನೇಕರು ಕೇಳಿದರು. ಸೌಲನಿಗೆ ಕೇಳಿಸಿದ ಧ್ವನಿಯೇ ಅದಕ್ಕೆ ಉತ್ತರ. ಆದರೆ ಆ ಧ್ವನಿ ಸೇಡಿನದ್ದಲ್ಲ. ಅದನ್ನು ಕೇಳಿದ ಸೌಲ ನಾಶವಾಗಲಿಲ್ಲ, ಪೌಲನಾದ.

ಎರಡು ತಪ್ಪು ತಿಳುವಳಿಕೆಗಳು

ಒಂದನೆಯದು: ಪ್ರಭು ದೂರ ಹೋದರು, ಇನ್ನು ನಮ್ಮ ಪಾಡು ನಮಗೆ ಎಂಬುದು. 440ರಿಂದ 461ರವರೆಗೆ ಪೋಪ್ ಆಗಿದ್ದ ಮಹಾ ಸಂತ ಲಿಯೋ ತಮ್ಮ ಸ್ವರ್ಗಾರೋಹಣ ಪ್ರಬೋಧನೆಯಲ್ಲಿ, ಪ್ರಭುವಿನಲ್ಲಿ ಕಣ್ಣಿಗೆ ಕಾಣುತ್ತಿದ್ದದ್ದು ಈಗ ಸಂಸ್ಕಾರಗಳಲ್ಲಿ ನಮಗೆ ದೊರೆಯುತ್ತದೆಂದು ಕಲಿಸಿದರು. ಗಲಿಲೇಯದ ಒಂದು ಊರಿನಲ್ಲಿದ್ದಾಗ ಇನ್ನೊಂದು ಊರಿನಲ್ಲಿ ಇಲ್ಲದಿದ್ದವರು, ಇಂದು ಪ್ರತಿ ಇಗರ್ಜಿಯ ಬಲಿಪೀಠದಲ್ಲೂ ರೋಗಿಯ ಮಂಚದ ಬಳಿಗೆ ಒಯ್ಯುವ ಪರಮಪ್ರಸಾದದಲ್ಲೂ ಇದ್ದಾರೆ.

ಎರಡನೆಯದು ಇನ್ನೂ ಅಪಾಯಕಾರಿ: ಕ್ರಿಸ್ತರು ರಾಜರು, ಆದ್ದರಿಂದ ನಿಜವಾದ ವಿಶ್ವಾಸಿಗೆ ರೋಗ, ಬಡತನ ಬರಬಾರದು, ಬಂದರೆ ಅವನ ವಿಶ್ವಾಸ ಸಾಲದು ಎಂಬುದು. ಈ ಅಳತೆಗೋಲು ಹಿಡಿದರೆ ಸ್ತೇಫನರೂ ಪೌಲರೂ ಸೋತವರೇ. ಕ್ರಿಸ್ತರು ಈಗಾಗಲೇ ಆಳುತ್ತಿದ್ದಾರೆ, ಆದರೆ ಅವರ ರಾಜ್ಯ ಇನ್ನೂ ಪೂರ್ಣವಾಗಿ ಪ್ರಕಟವಾಗಿಲ್ಲ ಎಂಬುದು ಧರ್ಮಸಭೆಯ ಬೋಧನೆ (ಧರ್ಮೋಪದೇಶ ಗ್ರಂಥ 671). ಈ ನಡುವಿನ ಕಾಲದಲ್ಲಿ ನಾವು ಜೀವಿಸುತ್ತಿದ್ದೇವೆ. ಕಷ್ಟ ಇರುವುದು ರಾಜರಿಲ್ಲ ಎಂಬುದಕ್ಕೆ ಪುರಾವೆಯಲ್ಲ. ವಿಶ್ವಾಸವಿಲ್ಲ ಎಂಬುದಕ್ಕೂ ಅಲ್ಲ.

ಕೊನೆಯಿಲ್ಲದ ರಾಜ್ಯ

ಅವರ ರಾಜ್ಯಕ್ಕೆ ಕೊನೆಯಿಲ್ಲವೆಂಬ ಮಾತು 381ರ ಕಾನ್‌ಸ್ಟಾಂಟಿನೋಪಲ್ ಮಹಾಸಭೆಯ ವಿಶ್ವಾಸ ಪ್ರಮಾಣದಲ್ಲಿದೆ. ಮೊದಲ ಮಹಾಯುದ್ಧದ ನಂತರ ಬಲಿಷ್ಠ ಸರ್ಕಾರಗಳು ಮನುಷ್ಯನ ಮನಸ್ಸಾಕ್ಷಿಯ ಮೇಲೂ ಹಕ್ಕು ಸಾಧಿಸತೊಡಗಿದಾಗ, ಪೋಪ್ 11ನೇ ಪಿಯುಸ್‌ರವರು 1925ರ ಡಿಸೆಂಬರ್ 11ರಂದು ಕ್ರಿಸ್ತರಾಜರ ಹಬ್ಬವನ್ನು ಸ್ಥಾಪಿಸಿದರು. ಎರಡು ವರ್ಷಗಳೊಳಗೆ, 1927ರ ನವೆಂಬರ್ 23ರಂದು, ಧರ್ಮಸಭೆಯ ಮೇಲೆ ಕಠಿಣ ನಿರ್ಬಂಧಗಳಿದ್ದ ಮೆಕ್ಸಿಕೋದಲ್ಲಿ ಯೇಸುಸಭೆಯ ಗುರು ಮಿಗೇಲ್ ಪ್ರೋ ಅವರನ್ನು ವಿಚಾರಣೆಯಿಲ್ಲದೆ ಗುಂಡಿಟ್ಟು ಕೊಲ್ಲಲಾಯಿತು. ಅವರು ಶಿಲುಬೆಯಾಕಾರದಲ್ಲಿ ಕೈಚಾಚಿ, ಕ್ರಿಸ್ತರಾಜರಿಗೆ ಜಯಕಾರ ಹೇಳಿ ಪ್ರಾಣಬಿಟ್ಟರು. 1988ರಲ್ಲಿ ಅವರನ್ನು ಪುನೀತರೆಂದು ಘೋಷಿಸಲಾಯಿತು. ಅಂದು ಗೆದ್ದವರು ಯಾರೆಂದು ಬಂದೂಕು ಹಿಡಿದವರಿಗೆ ಅನುಮಾನವಿರಲಿಲ್ಲ. ಇಂದು ನಮಗೂ ಇಲ್ಲ; ಆದರೆ ನಮ್ಮ ಉತ್ತರ ಬೇರೆ.

ಆರದ ದೀಪ, ಒಂಬತ್ತು ದಿನ

ಹಿಂದಿನ ಪೂಜಾವಿಧಿಯಲ್ಲಿ ಸ್ವರ್ಗಾರೋಹಣ ಹಬ್ಬದಂದು ಶುಭಸಂದೇಶ ಓದಿದ ಕೂಡಲೇ ಪಾಸ್ಖದ ಮೇಣದಬತ್ತಿಯನ್ನು ನಂದಿಸುತ್ತಿದ್ದರು. ಎರಡನೇ ವ್ಯಾಟಿಕನ್ ಮಹಾಸಭೆಯ ನಂತರದ ಸುಧಾರಣೆಯಲ್ಲಿ ಅದು ಪಂಚಾಶತ್ತಮ ಹಬ್ಬದವರೆಗೂ ಉರಿಯುತ್ತದೆ. ಪ್ರಭು ಹೋಗಿಬಿಟ್ಟರೆಂಬ ಭಾವನೆಗೆ ಎಡೆಯಿಲ್ಲ. ಈ ನಡುವಿನ ಒಂಬತ್ತು ದಿನ ಶಿಷ್ಯರು ಮಾತೆ ಮರಿಯಮ್ಮನವರೊಂದಿಗೆ ಮಾಳಿಗೆಯ ಕೋಣೆಯಲ್ಲಿ ಪ್ರಾರ್ಥಿಸಿದರು. 1897ರಲ್ಲಿ ಪೋಪ್ 13ನೇ ಲಿಯೋರವರು ಪಂಚಾಶತ್ತಮ ಹಬ್ಬದ ಸಿದ್ಧತೆಗೆ ಈ ನೊವೆನಾವನ್ನು ಎಲ್ಲ ಧರ್ಮಕೇಂದ್ರಗಳಿಗೆ ವಿಧಿಸಿದರು. ಕಾಯುವುದೂ ಒಂದು ಪ್ರಾರ್ಥನೆ ಎಂಬುದನ್ನು ಈ ದಿನಗಳು ನಮಗೆ ಕಲಿಸುತ್ತವೆ.

ನಾವು ಮಾಡಬೇಕಾದದ್ದು

ಆಕಾಶವನ್ನೇ ನೋಡುತ್ತಾ ನಿಂತಿದ್ದವರನ್ನು ಬಿಳಿಯ ಉಡುಪಿನ ಇಬ್ಬರು ಎಚ್ಚರಿಸಿದರು. ಮತ್ತಾಯರ ಶುಭಸಂದೇಶದ 25ನೇ ಅಧ್ಯಾಯದಲ್ಲಿ ಸಿಂಹಾಸನದಲ್ಲಿ ಕುಳಿತ ರಾಜರು ಕೇಳುವುದು ಹಸಿದವರ, ರೋಗಿಗಳ, ಸೆರೆಯಲ್ಲಿದ್ದವರ ವಿಷಯವನ್ನು. ಆದ್ದರಿಂದ ವಾಳೆಯ ಗುರಿಕಾರರು, ಸಂತ ವಿನ್ಸೆಂಟ್ ದೆ ಪೌಲ್ ಸಭೆಯ ಸದಸ್ಯರು, ಧರ್ಮೋಪದೇಶ ಕಲಿಸುವ ಶಿಕ್ಷಕರು ಈ ಹಬ್ಬದ ವಾರದಲ್ಲಿ ಮೂರು ಕೆಲಸಗಳನ್ನು ಮಾಡಬಹುದು.

1. ಪೂಜೆಗೆ ಬರಲಾಗದ ರೋಗಿಗಳ, ವೃದ್ಧರ ಪಟ್ಟಿ ಮಾಡಿ, ಪರಮಪ್ರಸಾದ ಒಯ್ಯಲು ಧರ್ಮಗುರುಗಳಿಗೆ ತಿಳಿಸುವುದು.

2. ಸಂಕಟದಲ್ಲಿರುವ ಮನೆಗೆ ಹೋದಾಗ ಕಾರಣ ಹುಡುಕದೆ, ವಿಶ್ವಾಸವನ್ನು ಅಳೆಯದೆ, ಅವರ ಮಾತನ್ನು ಕೇಳಿ ಹಿಬ್ರಿಯರ ಪತ್ರದ 4:14-16ನ್ನು ಅವರೊಂದಿಗೆ ಓದುವುದು.

3. ಹೇಳಿಕೊಳ್ಳಲು ನಾಚುವ ಸಾಲಗಾರರಿಗೆ, ಕೆಲಸ ಕಳೆದುಕೊಂಡವರಿಗೆ ಗುಟ್ಟಾಗಿ ಕೈಲಾದ ಸಹಾಯ ಮಾಡುವುದು.

ಪ್ರಭು ನಮ್ಮಿಂದ ದೂರವಾಗಲು ಏರಲಿಲ್ಲ. ನಮಗೆ ಸ್ಥಳ ಸಿದ್ಧಪಡಿಸಲು ಏರಿದರು. ನಾವು ಅಲ್ಲಿಗೆ ತಲುಪುವ ತನಕ ಲಂಗರಿನ ಹಗ್ಗ ಅವರ ಕೈಯಲ್ಲಿದೆ. ಸರ್ವರಿಗೂ ಪ್ರಭುವಿನ ಸ್ವರ್ಗಾರೋಹಣ ಹಬ್ಬದ ಶುಭಾಶಯಗಳು.