ಮೈಸೂರು ಹೊರದೇಶವಾಗಿದ್ದಾಗ

ಹೊರದೇಶದ ವರಮಾನಕ್ಕೆ ತೆರಿಗೆಯುಂಟೇ ಎಂದು ಕೇಳಿದರೆ ಬಲ್ಲವರು ಒಬ್ಬೊಬ್ಬರು ಒಂದೊಂದು ಹೇಳುವುದು ಇಂದಿನ ಮಾತಲ್ಲ. ಮುಂಬಯಿಯ ಕನ್ನಡಿಗನಿಗೆ ಒಮ್ಮೆ ಮೈಸೂರೇ ಹೊರದೇಶವಾಗಿತ್ತು. 1922ರ ಭಾರತೀಯ ವರಮಾನ ತೆರಿಗೆ ಅಧಿನಿಯಮವು ಬ್ರಿಟಿಷ್ ಇಂಡಿಯಾಕ್ಕೆ ಮಾತ್ರ ಅನ್ವಯಿಸುತ್ತಿತ್ತು. ಮೈಸೂರು ಸಂಸ್ಥಾನಕ್ಕೆ 1923ರ ತನ್ನದೇ ಕಾಯಿದೆಯಿತ್ತು. ಆದುದರಿಂದ ಒಂದೇ ಕಚೇರಿಯಲ್ಲಿ ದುಡಿಯುತ್ತಿದ್ದ ಇಬ್ಬರಲ್ಲಿ ಧಾರವಾಡದವರ ಮನೆಬಾಡಿಗೆ ಸ್ವದೇಶದ್ದು, ಮೈಸೂರಿನವರದು ಪರದೇಶದ್ದು!

1939ರ ತಿದ್ದುಪಡಿಯು ನಿವಾಸಿ, ಅನಿವಾಸಿ ಎಂಬ ಭೇದಗಳನ್ನು ತಂದಿತು. ಮುಂದೆ 14ನೆಯ ಕಲಮಿನ ವಿನಾಯಿತಿಯಂತೆ, ಸಂಸ್ಥಾನದಲ್ಲಿ ಹುಟ್ಟಿದ ವರಮಾನವು ಅಲ್ಲಿಯೇ ಉಳಿದರೆ ತೆರಿಗೆಯಿಲ್ಲ; ಒಳತಂದರೆ ಉಂಟು. ಆದರೆ ತೆರಿಗೆ ಬೀಳದ ಆ ಮೊತ್ತವೂ ದರವನ್ನು ಗೊತ್ತುಪಡಿಸಲು ಒಟ್ಟು ವರಮಾನದಲ್ಲಿ ಸೇರುತ್ತಿತ್ತು. ‘ತೆರಿಗೆಯಿಲ್ಲ’ ಎಂದವರೂ ‘ತಖ್ತೆಯಲ್ಲಿ ತೋರಿಸಿ’ ಎಂದವರೂ ಸರಿಯೇ; ಅರ್ಧವನ್ನಷ್ಟೇ ಕೇಳಿ ಬಂದವರಿಗೆ ಮಾತ್ರ ಕಷ್ಟ. ಮಗನ ವಿದ್ಯಾಭ್ಯಾಸಕ್ಕೆ ಬೆಂಗಳೂರಿನಿಂದ ತರಿಸಿದ ಹುಂಡಿಯ ಹಣ ಬಡ್ಡಿಯೋ, ಅಸಲೋ? ಬ್ಯಾಂಕಿನವನಾದ ನನಗೆ ಇದೇ ಎಲ್ಲಕ್ಕಿಂತ ಕಠಿನ ಪ್ರಶ್ನೆಯೆನಿಸುತ್ತದೆ. ನಾಣ್ಯದ ಮೇಲೆ ಅದರ ಹುಟ್ಟು ಬರೆದಿರುವುದಿಲ್ಲವಷ್ಟೆ.

1950ರ ಏಪ್ರಿಲ್ 1ರಿಂದ ಭಾರತೀಯ ಅಧಿನಿಯಮವು ಮೈಸೂರಿಗೂ ವಿಸ್ತರಿಸಿತು. ಧಾರವಾಡ ಮೈಸೂರುಗಳು ಒಂದೇ ರಾಜ್ಯವಾದದ್ದು 1956ರ ನವೆಂಬರ್ 1ರಂದು. ತೆರಿಗೆಯ ಗಡಿ ಅದಕ್ಕೂ ಆರು ವರ್ಷ ಮೊದಲೇ ಅಳಿದಿತ್ತು.