ಹಿಂಗಾರಿ ಜೋಳ

ಮಳೆಗಾಲದಲ್ಲಿ ಎರೆಭೂಮಿ ಹಿಡಿದಿಟ್ಟುಕೊಂಡ ತೇವದ ಮೇಲೆಯೇ, ನೀರಾವರಿ ಇಲ್ಲದೆ ಅಥವಾ ಅತ್ಯಲ್ಪ ನೀರಿನಲ್ಲಿ ಚಳಿಗಾಲದಲ್ಲಿ ಬೆಳೆಯುವ ಏಕದಳ ಧಾನ್ಯ. ಹುಬ್ಬಳ್ಳಿ, ನವಲಗುಂದ, ಕುಂದಗೋಳ, ಅಣ್ಣಿಗೇರಿ ಭಾಗದ ಸಾಂಪ್ರದಾಯಿಕ ಬೆಳೆ. ಸೆಪ್ಟೆಂಬರ್-ಅಕ್ಟೋಬರಿನಲ್ಲಿ ಕೂರಿಗೆಯಿಂದ ಬಿತ್ತಿ ಸುಮಾರು 4 ತಿಂಗಳಿಗೆ ಕೊಯ್ಯುತ್ತಾರೆ. ಆಳಕ್ಕಿಳಿಯುವ ಬೇರು, ಎಲೆಯ ಮೇಣದ ಲೇಪ, ಬರದಲ್ಲಿ ಬೆಳವಣಿಗೆ ತಡೆದು ತೇವ ಸಿಕ್ಕೊಡನೆ ಚೇತರಿಸುವ ಗುಣ ಇದರ ಬಲ. ಎರೆ ಒಣಗಿ ಬಿರಿದಾಗ ಬಿರುಕುಗಳಿಂದ ತೇವ ಆರಿಹೋಗುತ್ತದೆ. ಆದ್ದರಿಂದ ಸಾಲುಗಳ ನಡುವೆ ಪದೇ ಪದೇ ಎಡೆಕುಂಟೆ ಹೊಡೆದು ಬಿರುಕು ಮುಚ್ಚುವುದೇ ಈ ಬೇಸಾಯದ ಜೀವಾಳ, ನೀರುಣಿಸುವುದು ಆಮೇಲಿನ ಮಾತು. ಕೃಷಿಹೊಂಡವಿದ್ದರೆ ತೆನೆ ಹೊರಡುವ ಮುನ್ನ ಒಮ್ಮೆ ನೀರು ಕೊಡುವುದುಂಟು. ಕಡಲೆ, ಕುಸುಬೆ ಜೊತೆಬೆಳೆಗಳು. ಕಾಳು ರೊಟ್ಟಿಗೆ, ಕಣಿಕೆ ದನಗಳ ಮೇವಿಗೆ. ಧಾರವಾಡದಲ್ಲಿ 1986ರಲ್ಲಿ ಸ್ಥಾಪನೆಯಾದ ಕೃಷಿ ವಿಶ್ವವಿದ್ಯಾಲಯ ಜೋಳದ ಸಂಶೋಧನೆ ನಡೆಸುತ್ತಿದೆ. ರೈತರ ಮೆಚ್ಚಿನ ತಳಿ ಮಾಲ್ದಂಡಿ ಎಂ 35-1.